ಕೆಳಗಿನ ಲೈನಿನ ನೀರು

ಏಪ್ರಿಲ್ ೪, ಬೆಳಿಗ್ಗೆ

ಗಿಡಗಳಿಗೆ ನೀರು ಬಿಟ್ಟಾಯಿತು. ಪೈಪ್ ಹಿಡಿದು ನಿಂತಿದ್ದಾಗ ಪಕ್ಕದ ಬಂಗಲೆಯ ಡಾಕ್ಟರಮ್ಮ ಬೇಲಿಯಾಚೆಯಿಂದ ಮಾತಾಡಿಸಿದರು. ಕೆಳಗಿನ ಲೈನಿನವರು ನೀರಿಗೆ ಗಲಾಟೆ ಎಬ್ಬಿಸಿದ್ದಾರಂತೆ, ಹೌದಾ ಅಂತ. ಹೌದು ಎಂದೆ. "ಅವರಿಗೆ ಅಭ್ಯಾಸ ಇದೆ ಬಿಡಿ, ನಮ್ಮ ಹಾಗಲ್ಲ," ಎಂದರು.

ತಲೆಯಾಡಿಸಿದೆ. ನಾನು ಹುಟ್ಟಿದ್ದೇ ಆ ಲೈನಿನ ಸಾಲುಮನೆಯೊಂದರಲ್ಲಿ. ಅಕ್ಕ ಇನ್ನೂ ಅಲ್ಲೇ ಇದ್ದಾಳೆ. ಯಾವ ಕಡೆಯವರು ಎಂದು ಕೇಳಿದರೆ "ಸ್ಟೇಷನ್ ಕಡೆ" ಅನ್ನುತ್ತೇನೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಏಪ್ರಿಲ್ ೯, ಆಫೀಸಿನಲ್ಲಿ, ಊಟದ ಹೊತ್ತು

ಸಾಹೇಬರು ಕರೆಸಿದ್ದರು. ಶನಿವಾರ ಲೈನಿನವರ ಜೊತೆ ಮೀಟಿಂಗ್. ವಾಟರ್ ವರ್ಕ್ಸ್ ಪರವಾಗಿ ನಾನೇ ಮಾತಾಡಬೇಕಂತೆ. "ಟೆಕ್ನಿಕಲ್ ಆಗಿ ಹೇಳಿಬಿಡಿ ಮೇಡಂ. ಎಂಜಿನಿಯರ್ ಮಾತು ಜನ ನಂಬ್ತಾರೆ."

ಟೆಕ್ನಿಕಲ್ ಆಗಿ ಏನಿದೆ, ಮಣ್ಣು! ಬ್ರಿಟಿಷ್ ದೊರೆಗಳ ಕಾಲದಲ್ಲಿ ದಿಬ್ಬದ ಮೇಲೆ ಅವರ ಬಂಗಲೆಗಳು. ಹಳಿಯಾಚೆ, ರೈಲು ದಾರಿ ಹಾಕಲು ಎಲ್ಲೆಲ್ಲಿಂದಲೋ ಹಿಡಿದು ತಂದ ಕೂಲಿಗಳ ಸಾಲುಮನೆ. ನಮ್ಮ ಮುತ್ತಜ್ಜನೂ ಅವರಲ್ಲೊಬ್ಬ. ಎರಡೂ ಕಡೆಗೆ ಒಂದೇ ಗಾತ್ರದ ಪೈಪು. ಕೆಳಗೆ ಹೋಗುವುದಕ್ಕೆ ಮಾತ್ರ ಒಂದು ವಾಲ್ವ್. ಬೆಳಿಗ್ಗೆ ಒಂದಿಷ್ಟು ಹೊತ್ತು ತೆರೆಯುವುದು, ಮುಚ್ಚುವುದು. ದೊರೆಗಳು ಹೋದರು. ಬಂಗಲೆಗಳಿಗೆ ನಾವು ಆಫೀಸರುಗಳು ಬಂದೆವು. ವಾಲ್ವ್ ಮಾತ್ರ ಹಾಗೇ ನಡೆದುಕೊಂಡು ಬಂದಿದೆ. ಮೇಲಿನ ಟ್ಯಾಂಕ್ ತುಂಬಿ ಚೆಲ್ಲುವ ದಿನವೂ ಮುಚ್ಚಿರುತ್ತದೆ. ಯಾಕೆ ಅಂತ ಆಫೀಸಿನಲ್ಲಿ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ.

ಪೂರ್ತಿ ತೆರೆದರೆ ಮೇಲಿನವರಿಗೆ ನೀರು ಬರುವ ಹೊತ್ತು ತುಸು ಕಡಿಮೆಯಾಗುತ್ತದೆ. ಅಷ್ಟೆ. ಸಾಹೇಬರಿಗೂ ಗೊತ್ತು.

ಏಪ್ರಿಲ್ ೧೨, ಸಂಜೆ

ಲೈನಿನ ಸ್ಕೂಲಿನಲ್ಲಿ ಮೀಟಿಂಗ್. ಅಕ್ಕ ಹೆಂಗಸರ ನಡುವೆ ಕೂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ನಲ್ಲಿಯ ಸಾಲಿನಲ್ಲಿ ನನ್ನ ಸರದಿಗೂ ತಾನೇ ನಿಂತು, ಹೋಗಿ ಓದ್ಕೋ ಹೋಗು ಅಂತ ಓಡಿಸುತ್ತಿದ್ದವಳು.

ಜನರ ಪರವಾಗಿ ಲೈನಿನ ಟೈಲರ್ ಎದ್ದ. ಉದ್ದ ಮಾತಿಲ್ಲ. "ವಾಲ್ವ್ ಪೂರ್ತಿ ತೆಗೆದ್ರೆ ನಮಗೂ ದಿನಾ ನೀರು ಬರುತ್ತಲ್ವಾ ಮೇಡಂ? ಅಷ್ಟು ಹೇಳಿ, ಸಾಕು."

ಸಾಹೇಬರು ನನ್ನತ್ತ ನೋಡಿದರು.

"ಹಳೇ ಪೈಪು," ಎಂದೆ. "ಪ್ರೆಷರ್ ತಡ್ಕೊಳ್ಳಲ್ಲ. ಒಡೆದುಹೋಗುತ್ತೆ."

ನಾಲಿಗೆ ತಡವರಿಸಲೂ ಇಲ್ಲ.

ಟೈಲರ್ ನಂಬಲಿಲ್ಲ. ಗುಸುಗುಸು ಜೋರಾಯಿತು. ಆಗ ಅಕ್ಕ ಎದ್ದು ನಿಂತಳು. "ಅವಳು ನನ್ನ ತಂಗಿ. ನಾನೇ ಬೆಳೆಸಿದ್ದು. ಅವಳು ಆಗಲ್ಲ ಅಂದ್ರೆ ಆಗಲ್ಲ. ನಡೀರಿ."

ಜನ ಒಬ್ಬೊಬ್ಬರಾಗಿ ಎದ್ದರು. ಸಾಹೇಬರು ಹುಬ್ಬೇರಿಸಿ ನನ್ನ ಕಡೆ ತಿರುಗಿದರು. ತಂಗಿಯಾ?

ಇದನ್ನಾದರೂ ಸರಿಯಾಗಿ ಬರೆಯಬೇಕು. ಆ ಹೊತ್ತಿಗೆ ನನಗೆ ಸುಳ್ಳು ಹೇಳಿದ ನಾಚಿಕೆ ಆಗಲಿಲ್ಲ. ಅಷ್ಟು ಜನರ ಮುಂದೆ, ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಅಕ್ಕ ನನ್ನನ್ನು ತಂಗಿ ಅಂದಳಲ್ಲ... ಅದಕ್ಕೆ ನಾಚಿದೆ. "ದೂರದ ಸಂಬಂಧ ಸಾರ್," ಎಂದೆ.

ಅಕ್ಕ ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ಕೇಳಿಸಿರಲಿಕ್ಕಿಲ್ಲ.

ಏಪ್ರಿಲ್ ೧೪

ಅಕ್ಕನ ಫೋನ್. ನನ್ನ ಪರವಾಗಿ ಮನೆಮನೆಗೂ ಹೋಗಿ ಸಮಾಧಾನ ಹೇಳಿದ್ದಾಳೆ. ಟೈಲರ್ ಮನೆಯವರು ಮಾತು ಬಿಟ್ಟಿದ್ದಾರಂತೆ. "ನೀನು ತಲೆ ಕೆಡಿಸ್ಕೋಬೇಡ ಪುಟ್ಟಿ. ಊಟ ಆಯ್ತಾ?"

ಆಯ್ತು ಎಂದೆ. ಆಗಿರಲಿಲ್ಲ. ಅದೂ ಒಂದು ಸುಳ್ಳು.

ಏಪ್ರಿಲ್ ೨೯

ಲೈನಿನವರು ವಾಲ್ವಿಗೆ ಹಾಕಿದ್ದ ಬೀಗ ಒಡೆದಿದ್ದಾರೆ. ನಿನ್ನೆ ಬೆಳಿಗ್ಗೆಯಿಂದ ವಾಲ್ವ್ ಪೂರ್ತಿ ತೆರೆದೇ ಇದೆ. ಪೈಪು ಎಲ್ಲೂ ಒಡೆದಿಲ್ಲ. ಒಂದು ಹನಿಯೂ ಸೋರಿಲ್ಲ.

ಹೋಗಿ ಮುಚ್ಚಿಸಿ ಎಂದರು ಸಾಹೇಬರು. ಜೊತೆಗೆ ಇಬ್ಬರು ಪೊಲೀಸರು. ಲೈನಿನ ತುಂಬ ನೀರಿನ ಸದ್ದು. ಬಕೆಟ್ಟು, ಡ್ರಮ್ಮು, ಪಾತ್ರೆ, ಕೈಗೆ ಸಿಕ್ಕಿದ್ದಕ್ಕೆಲ್ಲ ತುಂಬಿಸುತ್ತಿದ್ದರು. ನನ್ನನ್ನು ಕಂಡು ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು. ಯಾರಾದರೂ ಬೈಯಬಹುದಿತ್ತು.

ವಾಲ್ವ್ ಗುಂಡಿಯ ಚಪ್ಪಡಿಯ ಮೇಲೆ ಅಕ್ಕ ಕೂತಿದ್ದಳು.

"ಮುಚ್ಚೋಕೆ ಬಂದ್ರಾ?"

ಬಂದ್ಯಾ ಅಲ್ಲ. ಬಂದ್ರಾ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳಿರದ ಮಾತು. ಹಾಗೆಂದವಳೇ ಎದ್ದು ದಾರಿ ಬಿಟ್ಟಳು. ಅಡ್ಡ ನಿಂತಿದ್ದರೆ ಚೆನ್ನಾಗಿತ್ತು.

ಚಪ್ಪಡಿ ಸರಿಸಿ ವಾಲ್ವಿನ ಚಕ್ರದ ಮೇಲೆ ಕೈ ಇಟ್ಟೆ. ತಿರುಗಿಸಲು ಆಗಲಿಲ್ಲ. ಅಲ್ಲೇ ನಿಂತು ಸಾಹೇಬರಿಗೆ ಫೋನ್ ಮಾಡಿದೆ, ಎಲ್ಲರಿಗೂ ಕೇಳುವ ಹಾಗೆ. "ಮುಚ್ಚೋದು ಬೇಕಾಗಿಲ್ಲ ಸಾರ್. ಪೈಪು ತಡೆಯುತ್ತೆ. ಅವತ್ತು ನಾನು ಹೇಳಿದ್ದು ಸುಳ್ಳು."

ಟೈಲರ್ ಮುಖ ತಿರುಗಿಸಿಕೊಂಡ. ಅಕ್ಕ ಬಿಂದಿಗೆ ಎತ್ತಿಕೊಂಡು ಮನೆಯ ಕಡೆ ಹೊರಟಿದ್ದಳು. ತಿರುಗಿ ನೋಡಲಿಲ್ಲ.

ಮೇ ೮

ಮೇಲಿನವರಿಗೂ ಕೆಳಗಿನವರಿಗೂ ಸರದಿ ಪ್ರಕಾರ ನೀರು ಅಂತ ತೀರ್ಮಾನವಾಗಿದೆ. ಪೇಪರಿನಲ್ಲಿ ಸಾಹೇಬರ ಫೋಟೋ. ನನ್ನನ್ನು ಸಾಮಾನು ಎಣಿಸುವ ಸ್ಟೋರ್ಸ್‌ಗೆ ಹಾಕಿದ್ದಾರೆ. ಡಾಕ್ಟರಮ್ಮ ಬೇಲಿಯ ಹತ್ತಿರ ಸುಳಿಯುತ್ತಿಲ್ಲ.

"ಸರಿ ಮಾಡಿದೆಯಲ್ಲ, ಇನ್ನೇನು ಕೊರಗು?" ಅನ್ನುತ್ತಾರೆ ನಮ್ಮ ಯಜಮಾನರು. ಇವರಿಗೆ ಹೇಗೆ ಹೇಳಲಿ. ಬೀಗ ಒಡೆದವರು ಲೈನಿನವರು. ನಾನು ಮಾಡಿದ್ದೇನು? ಒಡೆದ ಮೇಲೆ ಹೌದು ಎಂದೆ.

ಅಕ್ಕ ಫೋನ್ ಎತ್ತುತ್ತಿಲ್ಲ.

ಮೇ ೧೧, ಭಾನುವಾರ

ಅಕ್ಕನ ಮನೆಗೆ ಹೋದೆ. ಬನ್ನಿ ಎಂದಳು. ಮುಖದಲ್ಲಿ ಸಿಟ್ಟಿಲ್ಲ. ಹುಡುಕಿದೆ, ಇರಲಿಲ್ಲ.

ಅವಳ ಮನೆಯಲ್ಲಿ ಕುರ್ಚಿ ಇಲ್ಲ. ಪಕ್ಕದ ಮನೆಯಿಂದ ತಂದಳು. ಬಟ್ಟೆ ತೆಗೆದುಕೊಂಡು ಒರೆಸಿದಳು, ಕಾಲುಗಳನ್ನೂ ಬಿಡದೆ. ನಡುಮನೆಯಲ್ಲಿ ಹಾಕಿದಳು.

"ಕೂತ್ಕೊಳ್ಳಿ."

"ಅಕ್ಕಾ, ನಾನು ಕಣೇ," ಎಂದೆ.

"ಗೊತ್ತು. ಕೂತ್ಕೊಳ್ಳಿ."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನಾನು ಕುರ್ಚಿಯಲ್ಲಿ ಕೂತೆ. ಕೂರಬಾರದಿತ್ತು. ಇಳಿದು ಅವಳ ಪಕ್ಕ ನೆಲದ ಮೇಲೆ ಕೂರಬೇಕಿತ್ತು.