ಹೋಗಿ ಬರ್ತೀನಿ ಅಂದ ಮೇಲೆ

ನವೆಂಬರ್ 11, ಮಂಗಳವಾರ

ಮತ್ತೆ ಅದೇ ದೃಶ್ಯ. ಬರೆದೆ, ಅಳಿಸಿದೆ. ಅಪ್ಪ ರಾತ್ರಿಯಿಡೀ ಟ್ಯಾಕ್ಸಿ ಓಡಿಸಿ ಬಂದು ಮಲಗಿದ್ದಾನೆ. ಅಕ್ಕಿಯನ್ನೂ ಸದ್ದಾಗದಂತೆ ತೊಳೆದೆ.

ನಾನು ಬರೆಯುತ್ತಿರುವ ಟಿ.ವಿ. ಧಾರಾವಾಹಿಯ ಕೊನೆಯ ಕಂತು. ಒತ್ತಿದರೆ ಬೇಸರದ ದಿನಗಳನ್ನು ಹಾರಿಸಿಬಿಡುವ ಗುಂಡಿಯೊಂದು ನಾಯಕ ಕುರಾತನಿಗೆ ಸಿಕ್ಕಿದೆ. ಹಬ್ಬ, ಮದುವೆ, ಗೆಲುವು—ಅಷ್ಟಕ್ಕೇ ಕಣ್ಣು ಬಿಡುತ್ತಾ ಮುದುಕನಾಗಿದ್ದಾನೆ. ಈಗ, ಹಿಂದೆಂದೋ ಹಾರಿಸಿದ್ದ ಒಂದು ಸಾದಾ ಬೆಳಗಿಗೆ ಮರಳುತ್ತಾನೆ. ಅಮ್ಮನ ಜೊತೆ ತಿಂಡಿ. ಆಮೇಲೆ ಕೆಲಸಕ್ಕೆ ಹೊರಡುತ್ತಾನೆ. ಅಷ್ಟೇ. ಆ "ಅಷ್ಟೇ" ಬರೆಯಲು ಬರುತ್ತಿಲ್ಲ.

ನಾಳೆ ನಟರೆಲ್ಲ ಕೂತು ಸ್ಕ್ರಿಪ್ಟ್ ಓದುತ್ತಾರೆ. ಬರೆದವಳೂ ಇರಬೇಕಂತೆ.

ನವೆಂಬರ್ 12, ಸಂಜೆ

ಬಾಗಿಲ ಪಕ್ಕದ ಕುರ್ಚಿ ಹಿಡಿದು ಕೂತಿದ್ದೆ. ಕುರಾತನ ಪಾತ್ರಧಾರಿ "ಹೋಗಿ ಬರ್ತೀನಿ" ಅಂದ. ಓದು ನಿಂತಿತು. ತಾಯಿ ಪಾತ್ರದ ಹಿರಿಯ ನಟಿ ಓರಿಯೆ ಸಾನ್ ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

"ನಂದೊಂದು ಪುಟ ಬಿಟ್ಟುಹೋಗಿದ್ಯಾ?"

"ಇಲ್ವಲ್ಲ," ಅಂದರು ನಿರ್ಮಾಪಕ ಉತ್ಸುಗಿ ಸಾನ್.

"ಮಗ ಹೋಗಿ ಬರ್ತೀನಿ ಅಂತಾನೆ, ನಾನು ಬಾಯಿ ಮುಚ್ಕೊಂಡಿರ್ತೀನಾ? ನಾನೇನು ಅವನ ತಾಯಿನಾ, ಚಪ್ಪಲಿ ಗೂಡಾ?"

ಎಲ್ಲರೂ ನಕ್ಕರು. ಮೂರು ವರ್ಷದ ಮಗುವೂ ಹೇಳುವ ಉತ್ತರ ನನ್ನ ಪುಟದಲ್ಲಿ ಇರಲಿಲ್ಲ! ಪೆನ್ಸಿಲಿನಲ್ಲಿ "ಹೋಗಿ ಬಾ" ಎಂದು ಸೇರಿಸಿ ಕೊಟ್ಟೆ. ಓರಿಯೆ ಸಾನ್ ಓದಿ ನನ್ನತ್ತ ತಿರುಗಿದರು.

"ಮಾತೇನೋ ಬಂತು ಚಿಗುಸಾ ಚಾನ್... ಆದ್ರೆ ಈ ತಾಯಿ ಎಲ್ಲಿದಾಳಮ್ಮ? ಕೈಯಲ್ಲೇನಿದೆ? ಮಗನ ಮುಖ ನೋಡಿ ಹೇಳ್ತಾಳಾ, ಒಲೆ ನೋಡಿನಾ?"

ಗೊತ್ತಿಲ್ಲ. ಪುಟ ವಾಪಸು ತೆಗೆದುಕೊಂಡೆ.

ಹೊರಗೆ ಉತ್ಸುಗಿ ಸಾನ್ ಮೆಲ್ಲಗೆ ಅಂದರು: "ಮುಂದಿನ ಬುಧವಾರದ ತನಕ ನೋಡೋಣ. ಆಗ್ಲಿಲ್ಲಾಂದ್ರೆ ಆ ದೃಶ್ಯವೊಂದನ್ನ ಬೇರೆಯವರ ಕೈಲಿ ಬರೆಸ್ತೀನಿ. ಬೇಜಾರು ಮಾಡ್ಕೋಬೇಡಿ."

ಅದೊಂದಕ್ಕಾಗಿಯೇ ಉಳಿದದ್ದೆಲ್ಲ ಬರೆದದ್ದು.

ನವೆಂಬರ್ 15

ಬಾಲ್ಕನಿಯಲ್ಲಿ ನಿಂತು ಎದುರು ಮನೆಯ ಬಾಗಿಲು ನೋಡಿದೆ—ಕಳ್ಳಿಯ ಹಾಗೆ. ಗಂಡ ಹೊರಟ. ಒಳಗಿಂದ ಹೆಂಡತಿಯ ದನಿ: "ಹೋಗಿ ಬನ್ನಿ! ಕಸದ ಚೀಲ ಯಾರು ತಗೊಂಡ್ಹೋಗ್ತಾರೆ, ನಿಮ್ಮಪ್ಪನಾ?" ಚೆನ್ನಾಗಿದೆ. ಆದರೆ ಅದು ಅವರದ್ದು.

ಅಮ್ಮ ಬಿಟ್ಟುಹೋದ ಮೇಲೆ ನಮ್ಮಲ್ಲಿ... ಬೆಳಿಗ್ಗೆ ಅಪ್ಪ ಮಲಗಿರುತ್ತಿದ್ದ. ಎಚ್ಚರವಾದೀತೆಂದು ನಾನು ಏನೂ ಹೇಳದೆ, ಶೂ ಕೈಯಲ್ಲಿ ಹಿಡಿದು, ಹೊರಗೆ ಹೋಗಿ ಹಾಕಿಕೊಳ್ಳುತ್ತಿದ್ದೆ. ಆರನೇ ತರಗತಿಯವರೆಗೂ ಹಾಗೇ. ಮುಂದಿನ ಶಾಲೆಯಲ್ಲಿ ನನ್ನ ಹೆಸರಿತ್ತು, ನಾನಿರಲಿಲ್ಲ; ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದ್ದೆ.

ಯಾರೂ ಉತ್ತರಿಸದ ಮನೆಯಿಂದ ಉತ್ತರ ಎಲ್ಲಿಂದ ತರಲಿ?

ನವೆಂಬರ್ 18, ಸಂಜೆ

ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಉಣ್ಣುತ್ತಿದ್ದ. ಕೇಳಿಯೇ ಬಿಟ್ಟೆ.

"ಅಪ್ಪ, ನೀನು ಚಿಕ್ಕವನಿದ್ದಾಗ ಹೋಗಿ ಬರ್ತೀನಿ ಅಂದ್ರೆ ಅಜ್ಜಿ ಎಲ್ಲಿ ನಿಂತಿರ್ತಿದ್ರು?"

"ಇದೇನೇ, ಟಿ.ವಿ.ಗೆ ನಮ್ಮಮ್ಮನೂ ಬೇಕಾ?" ನಕ್ಕ. ಮಿಸೊ ಸೂಪು ಹೀರಿದ. ಆಮೇಲೆ ಬಟ್ಟಲು ನೋಡುತ್ತಾ, "ನೀನಂತೂ ಹೇಳ್ತಾನೇ ಇರ್ಲಿಲ್ಲ."

"ನೀನು ನಿದ್ದೆಲಿ ಇರ್ತಿದ್ದೆಯಲ್ಲ."

"ಎಲ್ಲಿ ನಿದ್ದೆ! ನೀನು ಬಾಗಿಲು ಹಾಕೋವರೆಗೂ ಕಣ್ಣು ಬಿಟ್ಕೊಂಡೇ ಇರ್ತಿದ್ದೆ. ನೀನು ಹೋಗಿ ಬರ್ತೀನಿ ಅಂದ್ರೆ ತಾನೇ ನಾನು ಹೋಗಿ ಬಾ ಅನ್ನೋದು? ಹೇಳದವಳಿಗೆ ಏನನ್ನಲಿ?"

ಟ್ಯಾಕ್ಸಿ ಚಾಲಕರ ಬಿಳಿ ಕೈಗವಸು ತೊಟ್ಟು ಎದ್ದ. ಅವನೂ ಹೇಳದೆಯೇ ಹೋದ. ಅಭ್ಯಾಸ.

ನವೆಂಬರ್ 19, ಬುಧವಾರ, ಬೆಳಿಗ್ಗೆ

ದೃಶ್ಯದಿಂದ ತಿಂಡಿ ತೆಗೆದುಹಾಕಿದೆ. ತಾಯಿ ಈಗ ಮುಚ್ಚಿದ ಬಾಗಿಲ ಆಚೆ, ಹಾಸಿಗೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದವಳು. ನಿದ್ದೆ ಬಂದಿಲ್ಲ, ಕಾಯುತ್ತಿದ್ದಾಳೆ. ಕುರಾತ ಆ ಬಾಗಿಲಿಗೇ ಹೋಗಿ ಬರ್ತೀನಿ ಅನ್ನುತ್ತಾನೆ. ಅವಳ ಉತ್ತರದ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. ಆ ಕಡೆಯಿಂದ ದನಿ ಹೇಗೆ ಬರುತ್ತದೆಂದು ನಾನು ಕೇಳಿಯೇ ಇಲ್ಲ.

ಮುಂಬಾಗಿಲ ಒಳಗಿನ ಮೆಟ್ಟಿಲಲ್ಲಿ ಕೂತಿದ್ದೇನೆ. ಶೂ ಒಳಗೇ ಹಾಕಿಕೊಂಡೆ. ಲೇಸು ಎರಡು ಸಲ ಬಿಚ್ಚಿ ಕಟ್ಟಿದೆ. ಅಪ್ಪನ ಕೋಣೆಯ ಬಾಗಿಲು ಮುಚ್ಚಿದೆ. ರೈಲು ತಪ್ಪಿದರೆ ತಪ್ಪಲಿ...

ಹೇಳಿದೆ.

ದನಿ ತೀರಾ ಸಣ್ಣದಾಯಿತು. ಇನ್ನೊಮ್ಮೆ—ಬೇಡ. ಹಾಸಿಗೆ ಸರಿದ ಸದ್ದು. ಅಪ್ಪ ಕೆಮ್ಮಿದ. ಆಮೇಲೆ ಬಾಗಿಲ ಆಚೆಯಿಂದ ದನಿ: "ಹೋಗಿ ಬಾ."