ಇಗ್ಲುಲಿಕ್‌ನಿಂದ ಅರ್ಧ ಗಂಟೆ

ಇಗ್ಲುಲಿಕ್
೧೪ ಏಪ್ರಿಲ್ ೧೯೯೬

ಪ್ರೀತಿಯ ತಂಗಿ ಎಲಿಸಾಪಿಗೆ,

ನಿನ್ನಕ್ಕ ರೋಡಾ ಮಾಡುವ ಆಶೀರ್ವಾದಗಳು. ಮಗುವನ್ನು ನಿನ್ನ ಮಡಿಲಿಗೆ ಹಾಕಿ ಬಂದು ವಾರವಾಯಿತು, ಒಂದು ಸಾಲೂ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಜಗಳವಾಡದೆ ಮಾತು ಮುಗಿಸಿದ್ದು ಯಾವಾಗ, ಹೇಳು?

ನನ್ನ ಮಗಳು ಮಿರಿಯಮ್ ಚೆನ್ನಾಗಿದ್ದಾಳೆ. ಹೆತ್ತ ಕೂಸನ್ನು ಕೊಟ್ಟು ಅತ್ತಳು, ಸುಳ್ಳು ಹೇಳುವುದಿಲ್ಲ. ಆದರೆ ಬಸುರಾದಾಗಲೇ "ಇದು ಚಿಕ್ಕಮ್ಮನಿಗೆ" ಎಂದವಳು ಅವಳೇ. ಈಗ ಉಳಿದ ಮೂವರು ಮಕ್ಕಳು ಮನೆ ತಲೆಕೆಳಗು ಮಾಡುತ್ತಿದ್ದಾರೆ, ಅಳಲು ಪುರಸೊತ್ತೆಲ್ಲಿ?

ಅಲ್ಲ ಕಣೇ, ನಿಮ್ಮ ಸನಿರಾಜಕ್ ಏನು ಚಂದ್ರಲೋಕದಲ್ಲಿದೆಯೇ? ಎಪ್ಪತ್ತು ಕಿಲೋಮೀಟರು, ವಿಮಾನದಲ್ಲಿ ಅರ್ಧ ಗಂಟೆ. ಬೆಲ್ಟು ಬಿಗಿದು ಉಸಿರು ಬಿಡುವಷ್ಟರಲ್ಲಿ ಇಳಿಯಬೇಕು. ನಮಗೆ ಅದಕ್ಕೇ ವಾರ ದಾಟಿತು! ಎರಡು ಸಲ ನಿಮ್ಮೂರ ಮೇಲೆಯೇ ಸುತ್ತಿದೆವು. ಹಿಮಗಾಳಿಯ ನಡುವೆ ನಿನ್ನ ಮನೆಯ ಹಸಿರು ಚಾವಣಿ ಕಂಡಿತು, ರನ್‌ವೇ ಕಾಣಲಿಲ್ಲ. ಪೈಲಟ್ ವಾಪಸು ತಿರುಗಿಸಿಯೇಬಿಟ್ಟ. ನಮ್ಮೆಜಮಾನರು ಸ್ನೋಮೊಬೈಲಿಗೆ ಸ್ಲೆಡ್ಜ್ ಕಟ್ಟಲು ಎದ್ದರು. "ಈ ಗಾಳಿಗೆ ಹಸುಗೂಸನ್ನ ಒಡ್ತೀರಾ? ತಲೆ ನೆಟ್ಟಗಿದೆಯಾ?" ಎಂದು ಗದರಿಸಿ ಕೂರಿಸಿದೆ.

ಅವತ್ತೇ ನೀನು ಫೋನಿನಲ್ಲಿ ಅಂದೆಯಲ್ಲ, "ಗಾಳಿ ಮೇಲೆ ಯಾಕೆ ಹಾಕ್ತೀಯಕ್ಕ? ಕೊಡೋಕೆ ಮನಸ್ಸಿಲ್ಲ ಅನ್ನು." ಆ ಮಾತು ನನ್ನನ್ನು ಚುಚ್ಚಿತು. ಇವಾಲು ಎಂದು ತೀರಿಹೋದ ಅಮ್ಮನ ಹೆಸರಿಟ್ಟ ಮೇಲೆ ಗಂಡುಮಗುವಾದರೇನು, ಅವನು ನಮ್ಮಿಬ್ಬರಿಗೂ ಅಮ್ಮನೇ ತಾನೆ? ಅಮ್ಮನನ್ನು ನಾನೊಬ್ಬಳೇ ಇಟ್ಟುಕೊಳ್ಳುತ್ತೇನೆಯೇ? ಫೋನು ಕುಕ್ಕಿ, ಅವನನ್ನೆತ್ತಿಕೊಂಡು "ಕೇಳಿದೆಯೇನಮ್ಮಾ ನಿನ್ನ ಕಿರಿಮಗಳ ಮಾತು?" ಎಂದೆ. ಅಮ್ಮ ನನ್ನ ಹೆಗಲ ಮೇಲೆ ಹಾಲು ಕಕ್ಕಿದಳು.

ಕೊನೆಗೂ ವಿಮಾನ ಇಳಿದಾಗ ನೀನು ನನ್ನ ಮುಖ ನೋಡಲಿಲ್ಲ. ನನ್ನ ಕೋಟಿನ ಬೆನ್ನಿಗಿರುವ ಟೋಪಿಚೀಲದಿಂದ ಕೂಸನ್ನು ಎತ್ತಿ, ಕೆನ್ನೆಗೆ ಮೂಗೊತ್ತಿ ಮೂಸಿದೆ. "ಬಂದೆಯೇನಮ್ಮಾ?" ಅಂದೆ, ಅಷ್ಟೇ. ಅಬ್ಬ, ನನ್ನ ಎದೆಯ ಭಾರವೆಲ್ಲ ಅಲ್ಲೇ ಇಳಿಯಿತು. ಆಮೇಲೆ ನೀನು ಬಂದು ನನ್ನ ತೋಳು ಹಿಡಿದೆ. ಸಿಟ್ಟು ಇಬ್ಬರಲ್ಲೂ ಉಳಿದಿಲ್ಲ ಅಂದುಕೊಂಡಿದ್ದೇನೆ.

ನಿನ್ನ ಗಂಡ ಇಪೀಲಿಯನ್ನು ನೆನೆಸಿಕೊಂಡರೆ ಈಗಲೂ ನಗು. ಕೂಸು ಈಗ ಅವನಿಗೆ ಅತ್ತೆಯಾಯಿತಲ್ಲ, ಅತ್ತೆಯ ಜೊತೆ ಅಳಿಯ ನೇರವಾಗಿ ಮಾತಾಡಬಾರದೆಂದು ದೂರವೇ ನಿಂತು, "ಅವರಿಗೆ ಚಳಿಯಾಗ್ತಿದೆಯಾ ಕೇಳೇ" ಅಂದನಲ್ಲ! ಚಡ್ಡಿ ಬದಲಾಯಿಸುವ ಕೆಲಸ ತಪ್ಪಿಸಿಕೊಳ್ಳಲು ಈ ಮರ್ಯಾದೆಯೆಲ್ಲ ನಡೆಯುವುದಿಲ್ಲವೆಂದು ಅವನಿಗೆ ಹೇಳು.

ಮೂವರೂ ಸುಖವಾಗಿರಿ. ಕೂಸಿನ ಕಿವಿ ಬೆಚ್ಚಗಿರಲಿ.

ನಿನ್ನ ಅಕ್ಕ,
ರೋಡಾ

ತಾ.ಕ.: ಆರು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಾಗ, ಗಾಳಿ ನಿಲ್ಲಲೆಂದು ನೀನು ನಿಮ್ಮೂರ ವಿಮಾನ ನಿಲ್ದಾಣದಲ್ಲಿ ಚೀಲ ಹಿಡಿದು ಕೂತೇ ಇದ್ದೆ. ಬಂದಿಳಿದಾಗ ಮಣ್ಣು ಮಾಡಿ ಆಗಿತ್ತು. ಅಮ್ಮ ಏನಾದರೂ ಹೇಳಿದಳೇ ಎಂದು ನೀನು ಇವತ್ತಿಗೂ ಕೇಳಿಲ್ಲ. ಕೇಳಲು ನಿನಗೆ ಭಯ, ನನಗೆ ಗೊತ್ತು. ಹೊರಗೆ ಏನು ಸದ್ದಾದರೂ ಅಮ್ಮ "ಎಲಿಸಾಪಿಯ ವಿಮಾನವಾ?" ಎನ್ನುತ್ತಿದ್ದಳು. ಕಡೆಯ ದಿನ ಮಾತ್ರ ಹಾಗೆ ಕೇಳಲಿಲ್ಲ. "ಪಾಪ, ಅವಳಿಗೆ ಬರೋಕಾಗಲ್ಲ ಬಿಡು. ನಾನೇ ಹೋಗ್ತೀನಿ" ಅಂದಳು. ಜ್ವರದಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಅಂದುಕೊಂಡಿದ್ದೆ.