ನಿಮ್ಮಪ್ಪನ ಹೆಸರಿನ ರಕ್ತ

ಗಂಗಾವತಿ
12-6-2004

ನನ್ನ ಮುದ್ದಿನ ಸುರೇಖಾಳಿಗೆ, ನಿನ್ನ ಅವ್ವ ಗಲ್ಲ ಸವರಿ ಬರೆಯುವುದು.

ರಕ್ತದ ರಿಪೋರ್ಟಿನ ಸುದ್ದಿ ಕೇಳಿ ನಿಮ್ಮಪ್ಪನನ್ನು ಬೈದು ನೀನು ಬರೆದ ನಾಲ್ಕು ಪುಟ ಮುಟ್ಟಿತು. ನರ್ಸಿಂಗ್ ಓದಲು ಕೊಪ್ಪಳಕ್ಕೆ ಕಳಿಸಿದ್ದು ಸಾರ್ಥಕವಾಯಿತು. ಎಣ್ಣೆ ಬಿಡು, ಮಿರ್ಚಿ ಭಜಿ ಬಿಡು, ಹೊಟ್ಟೆ ಇಳಿಸು ಎಂದು ಬರೆದಿದ್ದೀಯಲ್ಲ, ಅದನ್ನೆಲ್ಲ ನಾನೇ ಜೋರಾಗಿ ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ನನಗೇ ನಾಚಿಕೆಯಾಗಿ ಇದನ್ನು ಬರೆಯುತ್ತಿದ್ದೇನೆ. ಆ ರಿಪೋರ್ಟಿನಲ್ಲಿರುವ ಕೊಲೆಸ್ಟ್ರಾಲ್ ಅವರದಲ್ಲ, ನನ್ನದು.

ಸಿಟ್ಟಾಗಬೇಡ, ಪೂರ್ತಿ ಓದು. ನಿಮ್ಮಪ್ಪ ಲಾರಿ ಓಡಿಸುವ ಅಕ್ಕಿ ಮಿಲ್ಲಿನಲ್ಲಿ, ನಲವತ್ತು ದಾಟಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದರು. ಬೆಳಿಗ್ಗೆ ಎಲ್ಲರೂ ಖಾಲಿ ಹೊಟ್ಟೆಯಲ್ಲಿರುವಾಗಲೇ ಲ್ಯಾಬಿನ ಉಮಾಪತಿ ಮನೆಮನೆಗೆ ಬಂದ. ಘಾಟಿನ ತಿರುವಿನಲ್ಲೂ ಹೆದರದೆ ಲಾರಿ ಇಳಿಸುವ ನಿಮ್ಮಪ್ಪ ಸೂಜಿ ಕಂಡದ್ದೇ ತಡ, ಚೊಂಬು ಹಿಡಿದು ಕಾಲುವೆ ಕಡೆ ನಡೆದರು. ಅರ್ಧ ಗಂಟೆಯಾದರೂ ಪತ್ತೆಯಿಲ್ಲ. ಉಮಾಪತಿಗೆ ಇನ್ನೂ ಹದಿನೆಂಟು ಮನೆ ಬಾಕಿ. "ಹೆಂಗ ಮಾಡ್ಲಿ ಅಕ್ಕಾ, ಬಾಟಲಿ ಮ್ಯಾಲೆ ಹೆಸರು ಬರದೀನಿ" ಅಂದ. ನಾನು ತೋಳು ಚಾಚಿದೆ. ಕಡ್ಡಿಯಂಥ ನನ್ನ ಮೈಯಲ್ಲಿ ಎಲ್ಲಿಯ ಕೊಬ್ಬು? ಅವರ ಹೆಸರಿಗೆ ಒಂದು ಒಳ್ಳೆಯ ರಿಪೋರ್ಟ್ ಬರಲಿ ಎಂದುಕೊಂಡೆ. ಅವರು ಬಂದಾಗ ಹೇಳಿದೆ, ಇಬ್ಬರೂ ನಕ್ಕೆವು.

ಬಂದದ್ದು ನಿನಗೆ ಗೊತ್ತೇ ಇದೆ. ಕೆಟ್ಟ ಕೊಬ್ಬು ಇನ್ನೂರರ ಹತ್ತಿರ! ಮಾಲೀಕರು ಬೈದರು. ಇಡೀ ಓಣಿ ಅವರ ಹೊಟ್ಟೆ ನೋಡಿ ತಲೆ ಆಡಿಸಿತು. ನಾನೂ ಸುಮ್ಮನಿರಲಿಲ್ಲ. ಹೇಗೂ ಕರಗಬೇಕಾದ ಹೊಟ್ಟೆ ಎಂದು ಅವರನ್ನು ಗಂಜಿಯೂಟಕ್ಕೆ ಹಚ್ಚಿದೆ. ಮಿರ್ಚಿ ಬಂಡಿಯ ಜೈನಾಬಿ ದಿನಾ ಸಂಜೆ ಕಳಿಸುವ ಎಂಟು ಮಿರ್ಚಿ ಮಾತ್ರ ನಿಲ್ಲಲಿಲ್ಲ, ಬೇಡವೆಂದರೆ ಅವಳಿಗೆ ಬೇಜಾರು. ಎಲ್ಲರದೂ ಊಟವಾದ ಮೇಲೆ ಉಳಿದದ್ದನ್ನೆಲ್ಲ ಮುಗಿಸುವವಳು ನಾನೇ ತಾನೇ. ಅವರ ಪಾಲನ್ನೂ ನಾನೇ ತಿಂದೆ.

ನಗು ನಿಂತದ್ದು ಮಾಲೀಕರ ಮಾತಿಗೆ ಡಾಕ್ಟರ ಹತ್ತಿರ ಹೋದಾಗ. ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿತ್ತೇ ಎಂದು ಕೇಳಿದರು. ನಿಮ್ಮಪ್ಪ ಹಿಂದೆಮುಂದೆ ನೋಡದೆ, "ಆಗೇತ್ರಿ. ನನ್ನ ಹೆಂಡ್ತಿ ಅಪ್ಪಗ ನಲವತ್ತೈದಕ್ಕ, ಆಕಿ ಅಣ್ಣಗ ನಲವತ್ತೆರಡಕ್ಕ" ಅಂದರು. ಡಾಕ್ಟರು ನಕ್ಕು, "ಹೆಂಡ್ತಿ ತವರಮನಿ ರಕ್ತ ನಿಮಗ ಹೆಂಗ ಬರ್ತೈತಿ ಯಜಮಾನ್ರ?" ಎಂದರು. ಆಮೇಲೆ ತಿಳಿಸಿ ಹೇಳಿದರು: ಕೆಲವರಿಗೆ ರಕ್ತದ ಕೊಬ್ಬು ಹುಟ್ಟಿನಿಂದಲೇ ಹೆಚ್ಚು, ತೆಳ್ಳಗಿದ್ದವರಿಗೂ ಇರುತ್ತದೆ. ಬರೀ ನಂಬರು ನೋಡಿದರೆ ಸಾಲದು, ವಯಸ್ಸು, ಬಿಪಿ, ಸಕ್ಕರೆ, ತಂಬಾಕು, ಮನೆತನ ಎಲ್ಲ ಸೇರಿಸಿ ನೋಡಬೇಕಂತೆ. ನನ್ನಣ್ಣನೂ ತೆಳ್ಳಗೇ ಇದ್ದ. ನಿಮ್ಮಪ್ಪ ತಿರುಗಿ ನನ್ನನ್ನೇ ನೋಡಿದರು. ನಿಜ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಮನೆಗೆ ಬಂದವರೇ ಗುಳಿಗೆಯ ಚೀಟಿ ನನ್ನ ಕೈಗಿಟ್ಟು, ನಾಳೆಯೇ ನಿನ್ನ ಹೆಸರಿನಲ್ಲಿ ತೋರಿಸು ಎಂದು ಹಟ ಹಿಡಿದರು. ಮಿಲ್ಲಿನವರಿಗೆ ತಿಳಿದರೆ ಕೆಲಸ ಹೋದೀತು ಎಂದು ನಾನು, ಹೋದರೆ ಹೋಗಲಿ ಎಂದು ಅವರು. ಹದಿನೈದು ದಿನದಿಂದ ಇದೇ ಜಗಳ. ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ. ಅಪ್ಪನನ್ನು ಮಾತ್ರ ಇನ್ನು ಬೈಯಬೇಡ.

ನಿನ್ನ ಅವ್ವ,
ಪಕ್ಕೀರವ್ವ

ತಾ.ಕ.: ನನಗೇನೂ ಆಗಿಲ್ಲ ಎಂದದ್ದು ಸುಳ್ಳು. ಯುಗಾದಿಯಿಂದೀಚೆ ನೀರಿನ ಕೊಡ ಹೊತ್ತು ಬರುವಾಗ ಎದೆ ಬಿಗಿಯುತ್ತದೆ, ಇಳಿಸಿ ನಿಂತರೆ ಬಿಡುತ್ತದೆ. ಅಂದು ತೋಳು ಚಾಚಿದ್ದು ನಿಮ್ಮಪ್ಪನನ್ನು ಉಳಿಸಲಿಕ್ಕಲ್ಲ. ಅಪ್ಪನ, ಅಣ್ಣನ ರೋಗ ನನಗೂ ಇದೆಯೋ ಎಂಬ ಭಯ ಯಾರಿಗೂ ತೋರಿಸದೆ, ನನಗೊಬ್ಬಳಿಗೆ ತಿಳಿಯಬೇಕಿತ್ತು. ನಿನ್ನೆ ಇದನ್ನೆಲ್ಲ ಅವರಿಗೆ ಹೇಳಿದೆ, ಅತ್ತುಬಿಟ್ಟರು. ಈ ಪತ್ರ ಅಂಚೆಗೆ ಹಾಕುತ್ತಿಲ್ಲ, ನಾನೇ ತರುತ್ತಿದ್ದೇನೆ. ಎದುರು ನಿಂತು ಹೇಳಲು ನನ್ನಿಂದಾಗದು, ಪತ್ರವನ್ನಷ್ಟೇ ಒಳಗೆ ಕಳಿಸುತ್ತೇನೆ. ನೀನು ಇದನ್ನು ಓದುವಾಗ ನಿನ್ನ ಹಾಸ್ಟೆಲ್ಲಿನ ಗೇಟಿನ ಬಳಿ ನಾವಿಬ್ಬರೂ ಕೂತಿರುತ್ತೇವೆ. ಬೇಗ ಬಾ, ಈ ಸಲ ನನ್ನ ಹೆಸರಿನಲ್ಲೇ ರಕ್ತ ಕೊಡಲು ಬೆಳಿಗ್ಗೆಯಿಂದ ಏನೂ ತಿಂದಿಲ್ಲ.